ನೇಗಿಲು ಕಾಣದ ಎರಿ ಹೊಲ: ದಿನಚರಿಯ ಪುಟಗಳು

2 ಜೂನ್ 2024, ಭಾನುವಾರ

ಬೆಳಿಗ್ಗೆ ಎರಡೂ ಹೊಲ ತಿರುಗಾಡಿ ಬಂದೆ. ರೋಹಿಣಿ ಮಳೆ ಚೆನ್ನಾಗಿ ಹೊಡೆದಿದೆ. ಧಾರವಾಡದಿಂದ ನಮ್ಮೂರ ತನಕ ದಾರಿಯ ಎರಡೂ ಬದಿ ಹೊಲಗಳೆಲ್ಲ ರಂಟೆ, ಕುಂಟೆ ಮುಗಿಸಿಕೊಂಡು ಕರ್ರಗೆ ಬಿತ್ತಿಗೆಗೆ ಸಜ್ಜಾಗಿ ಕೂತಿವೆ. ನಮ್ಮ ಹುಣಸಿಗಿಡದ ಹೊಲವೊಂದೇ ಬೂದು ಬಣ್ಣದ್ದು. ಹಿಂಗಾರಿ ಜೋಳದ ಕೂಳೆ ಇನ್ನೂ ನಿಂತಿದೆ, ಸಾಲುಗಳ ನಡುವೆ ಒಣರವದಿ ಮಲಗಿದೆ. ಕೈಯಿಂದ ಸರಿಸಿ ನೋಡಿದರೆ ಕೆಳಗೆ ತಂಪು, ಹಸಿ, ಎರೆಹುಳು ಹಾಕಿದ ಗುಳಿಗೆಯಂಥ ಮಣ್ಣು.

ಅಲ್ಲಿಂದ ಬಾವಿ ಹೊಲಕ್ಕೆ ಹೋದೆ. ಅದೂ ಎರಿ ಭೂಮಿಯೇ, ಅದಕ್ಕೂ 2014ರಿಂದ ನೇಗಿಲು ತಾಗಿಲ್ಲ, ಅಲ್ಲಿಯೂ ಪ್ರತಿ ಮುಂಗಾರಿಗೆ ಸೋಯಾ. ಆದರೆ ಫೆಬ್ರವರಿಯಲ್ಲಿ ಕಡಲೆ ಕಿತ್ತ ಮೇಲೆ ಅಲ್ಲಿ ಒಂದು ಕಡ್ಡಿಯೂ ಉಳಿದಿಲ್ಲ. ನಾಲ್ಕು ತಿಂಗಳು ಬಿಸಿಲಿಗೆ ಬಿದ್ದ ನೆಲ. ಮಳೆ ಹನಿ ಹೊಡೆದ ಜಾಗದಲ್ಲಿ ಮೇಲ್ಪದರ ಹೆಪ್ಪುಗಟ್ಟಿ, ಒಣಗಿ, ಹಪ್ಪಳದಂತೆ ಮೇಲೆದ್ದಿದೆ.

ಎರಡೂ ಹೊಲಕ್ಕೆ ಇರುವ ವ್ಯತ್ಯಾಸ ಒಂದೇ: ಸೋಯಾದ ಬೆನ್ನಿಗೆ ಅಲ್ಲಿ ಜೋಳ, ಇಲ್ಲಿ ಕಡಲೆ. ಉಳದೆ ಬಿಟ್ಟರೆ ಸಾಕು, ಮಣ್ಣು ತಾನಾಗಿ ಸುಧಾರಿಸುತ್ತದೆ ಎಂದು ಸಭೆಗಳಲ್ಲಿ ಹೇಳುವವರಿಗೆ ಈ ಎರಡು ಹೊಲಗಳನ್ನು ತೋರಿಸಬೇಕು. ಈ ವರ್ಷ ಬಿತ್ತಿಗೆಯಿಂದ ಮುಂದಿನ ಬಿತ್ತಿಗೆಯವರೆಗೆ ಕಂಡದ್ದನ್ನು ಬರೆದಿಡುತ್ತೇನೆ.

6 ಜೂನ್, ಗುರುವಾರ

ಮಣ್ಣಿನ ಮಾದರಿ ತೆಗೆದೆ. ಸಾಮಾನ್ಯವಾಗಿ ಇಂಗ್ಲಿಷಿನ 'ವಿ' ಆಕಾರದಲ್ಲಿ ಅರ್ಧ ಅಡಿ ಗುಂಡಿ ತೋಡಿ, ಮೇಲಿಂದ ಕೆಳಗಿನವರೆಗೂ ಕೆತ್ತಿದ ಮಣ್ಣನ್ನು ಕಲೆಸಿ ಒಂದೇ ಚೀಲಕ್ಕೆ ಹಾಕುತ್ತಾರೆ. ಉಳುವ ಹೊಲಕ್ಕೆ ಅದು ಸರಿ, ಯಾಕೆಂದರೆ ಅಲ್ಲಿ ನೇಗಿಲೇ ವರ್ಷವರ್ಷ ಕಲೆಸಿರುತ್ತದೆ. ಉಳದ ಹೊಲದಲ್ಲಿ ಹಾಗಲ್ಲ. ರಂಜಕ ಮಣ್ಣಿನಲ್ಲಿ ನಡೆದಾಡುವುದಿಲ್ಲ, ಹಾಕಿದಲ್ಲೇ ಅಂಟಿಕೊಳ್ಳುತ್ತದೆ. ಕೆಳಗಿನಿಂದ ಬೇರು ಎತ್ತಿ ತಂದದ್ದೂ ಎಲೆಯಾಗಿ ಉದುರಿ ಮತ್ತೆ ಮೇಲೆಯೇ ಕೂಡುತ್ತದೆ. ಹೀಗೆ ವರ್ಷಗಳು ಕಳೆದಂತೆ ಮೇಲಿನ ಎರಡು ಅಂಗುಲದಲ್ಲಿ ಸಂಪತ್ತು, ಅದರ ಕೆಳಗೆ ಬಡತನ. ಎರಡನ್ನೂ ಕಲೆಸಿ ಪರೀಕ್ಷೆಗೆ ಕಳಿಸಿದರೆ 'ಸಾಧಾರಣ' ಎಂದು ಬರುತ್ತದೆ. ಬೇರಿಗೆ ಸಿಗುವುದು ಆ ಸಾಧಾರಣ ಅಲ್ಲ. ಮೇಲ್ಪದರ ಹಸಿಯಿದ್ದಾಗ ಹೆಚ್ಚು ಸಿಗುತ್ತದೆ, ಒಣಗಿದಾಗ ಏನೂ ಸಿಗುವುದಿಲ್ಲ. ಹೋದ ವರ್ಷದ ಬರದಲ್ಲಿ ಎಲ್ಲರ ಸೋಯಾ ಬಾಡಿ ನಿಂತಾಗ ನನಗೆ ಇದೇ ಚಿಂತೆಯಿತ್ತು.

ಅದಕ್ಕೇ ಪ್ರತಿ ಹೊಲದಿಂದ ಎರಡು ಚೀಲ ಮಾಡಿದೆ. ಒಂದು ಮೇಲಿನ ಎರಡು ಅಂಗುಲದ್ದು, ಇನ್ನೊಂದು ಎರಡರಿಂದ ಆರು ಅಂಗುಲದ್ದು.

ಅಮೆರಿಕದ ಓಹಾಯೋ ರಾಜ್ಯದ ವೂಸ್ಟರ್‌ನಲ್ಲಿ 1962ರಿಂದ ನೇಗಿಲು ಕಾಣದ ಪ್ರಯೋಗದ ತಾಕುಗಳಿವೆ. ಗ್ಲೋವರ್ ಟ್ರಿಪ್ಲೆಟ್, ಡೇವಿಡ್ ವ್ಯಾನ್ ಡೊರೆನ್ ಎಂಬ ಇಬ್ಬರು ಶುರುಮಾಡಿದ್ದು, ಇಂದಿಗೂ ನಡೆದಿದೆ. ಅಂಥ ಹೊಲಗಳಲ್ಲಿ ಸಾರಜನಕ ಗೊಬ್ಬರ ಮೇಲೆಯೇ ಬಿದ್ದು ಮೇಲ್ಪದರ ಹುಳಿಯಾಗುತ್ತದೆ, ಆಗಾಗ ಸುಣ್ಣ ಚೆಲ್ಲಬೇಕಾಗುತ್ತದೆ. ನಮಗೆ ಆ ಕಾಟವಿಲ್ಲ. ನಮ್ಮ ಎರಿ ಮಣ್ಣಿನಲ್ಲೇ ಸುಣ್ಣದ ಹರಳುಗಳಿವೆ. ಆದರೆ ಅದೇ ಸುಣ್ಣ ರಂಜಕವನ್ನೂ ಸತುವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಅವರ ಲೆಕ್ಕವನ್ನು ಹಾಗೆಯೇ ಇಲ್ಲಿಗೆ ತರುವಂತಿಲ್ಲ, ಪದರ ಪದರವಾಗಿ ನೋಡುವ ಅವರ ಕ್ರಮವನ್ನು ತರಬಹುದು.

15 ಜೂನ್, ಶನಿವಾರ

ಮೃಗಶಿರ ಮಳೆಗೆ ಹದ ಕೂಡಿತು. ಎರಡೂ ಹೊಲ ಬಿತ್ತಿದೆವು.

ಕೃಷಿ ಯಂತ್ರಧಾರೆ ಕೇಂದ್ರದಿಂದ ಶೂನ್ಯ ಉಳುಮೆಯ ಕೂರಿಗೆ ಬಾಡಿಗೆಗೆ ಬಂತು. ಇದರ ತಾಳುಗಳು ನೆಲವನ್ನು ಮಗುಚುವುದಿಲ್ಲ. ತೆಳ್ಳಗೆ ಸೀಳಿ, ಗೊಬ್ಬರವನ್ನು ಕೆಳಗೆ, ಬೀಜವನ್ನು ಮೇಲೆ ಇಳಿಸುತ್ತವೆ. ಗೊಬ್ಬರ ಬೀಜದ ಕೆಳಗೆ ಬೀಳುವಂತೆ ತಾಳು ಕಟ್ಟಿಸಲು ಅರ್ಧ ತಾಸು ಹಿಡಿಯಿತು. ಟ್ರ್ಯಾಕ್ಟರ್ ಹುಡುಗನಿಗೆ ಬೇಸರ. "ಅಕ್ಕಾರ, ಡಿಎಪಿ ಮ್ಯಾಲ ಒಗದ್ರ ಏನಾಕ್ಕೈತ್ರಿ? ಮಳಿಗೆ ಇಳೀತೈತಿ" ಅಂದ. ಇಳಿಯುವುದಿಲ್ಲ ತಮ್ಮಾ ಎಂದು ಕೂತು ಹೇಳಿದೆ. ಮೇಲೆ ಒಗೆದದ್ದು ಮೇಲೆಯೇ ಉಳಿದು, ದೊಡ್ಡ ಮಳೆ ಬಂದಾಗ ನೀರಿನ ಜೊತೆ ಕರಗಿ ಹಳ್ಳ ಸೇರುತ್ತದೆ. 2014ರ ಆಗಸ್ಟಿನಲ್ಲಿ ಓಹಾಯೋದ ಟೊಲೆಡೊ ಪಟ್ಟಣದಲ್ಲಿ ಸುಮಾರು ನಾಲ್ಕೈದು ಲಕ್ಷ ಜನಕ್ಕೆ ನಲ್ಲಿ ನೀರು ಕುಡಿಯಬೇಡಿ ಎಂದು ಸಾರಬೇಕಾಯಿತು. ಈರಿ ಸರೋವರದಲ್ಲಿ ವಿಷದ ಪಾಚಿ ಹಬ್ಬಿತ್ತು. ಸುತ್ತಲಿನ ಹೊಲಗಳಿಂದ ಕರಗಿ ಹೋದ ರಂಜಕ ಅದಕ್ಕೆ ಮೇವಾಗಿತ್ತು, ಉಳದ ನೆಲದ ಮೇಲೆ ಚೆಲ್ಲಿ ಬಿಟ್ಟ ಗೊಬ್ಬರವೂ ಅದರಲ್ಲಿ ಸೇರಿತ್ತು. ಮಣ್ಣು ಕೊಚ್ಚಿಹೋಗದಂತೆ ಕಾಯುವ ಪದ್ಧತಿಯೇ ಗೊಬ್ಬರದ ವಿಷಯದಲ್ಲಿ ಅಜಾಗರೂಕವಾದರೆ ನೀರು ಕೆಡಿಸುತ್ತದೆ.

ತಳಿ ಡಿಎಸ್‌ಬಿ 21. ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದು, ತುಕ್ಕು ರೋಗ ತಡೆಯುತ್ತದೆ. ಎಕರೆಗೆ 25 ಕಿಲೋ ಬೀಜ, ಸಾಲಿನಿಂದ ಸಾಲಿಗೆ ಒಂದಡಿ. ಬೀಜಕ್ಕೆ ರೈಜೋಬಿಯಂ, ರಂಜಕ ಕರಗಿಸುವ ಅಣುಜೀವಿ ಎರಡನ್ನೂ ಬೆಲ್ಲದ ನೀರಿನಲ್ಲಿ ಲೇಪಿಸಿ ನೆರಳಲ್ಲಿ ಆರಿಸಿದ್ದೆವು.

ಹುಣಸಿಗಿಡದ ಹೊಲದಲ್ಲಿ ಕೂರಿಗೆ ಸಲೀಸಾಗಿ ಸಾಗಿತು. ಬಾವಿ ಹೊಲದಲ್ಲಿ ಹೆಪ್ಪುಗಟ್ಟಿದ ಮೇಲ್ಪದರ ಹೆಂಟೆ ಹೆಂಟೆಯಾಗಿ ಎದ್ದು ಬೀಜ ಅಲ್ಲಲ್ಲಿ ಬಯಲಿಗೆ ಬಿತ್ತು. ಹಿಂದೆ ನಡೆಯುತ್ತ ಕಾಲಿನಿಂದ ಮುಚ್ಚಿದೆವು.

21 ಜೂನ್, ಶುಕ್ರವಾರ. ಕಾರ ಹುಣ್ಣಿಮೆ

ಮಾವ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಜೂಲು ಹೊದಿಸಿದರು. ಸಂಜೆ ಅಗಸಿಯ ಮುಂದೆ ಕರಿ ಹರಿಯುವುದು ಮುಗಿದು ಮನೆಗೆ ಬಂದ ಮೇಲೆ ಕಟ್ಟೆಯ ಮೇಲೆ ಕೂತು ಕೇಳಿದರು: "ಎತ್ತಿಗೆ ಪೂಜಿ ಮಾಡತೇವಿ, ನೇಗಿಲಾ ಹೂಡೂದಿಲ್ಲ. ಭೂಮಿ ಬಾಯಿ ತಗದ್ರ ಅಲ್ಲೇನವ್ವಾ ನೀರ ಕುಡಿಯೂದು?"

ಹತ್ತು ವರ್ಷ ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬಂದಿದೆ. ಪ್ರಶ್ನೆಯಲ್ಲಿ ಹಟವಿಲ್ಲ, ಭೂಮಿಯ ಕಾಳಜಿಯಿದೆ. ಹೇಳಿದೆ: "ಮಾವಾರ, ನಮ್ಮ ಎರಿ ಭೂಮಿ ಯಾರೂ ಹೇಳದ ಬಾಯಿ ತಗೀತೈತ್ರಿ. ಬ್ಯಾಸಗ್ಯಾಗ ನೀವ ಬಾರಕೋಲ ಇಳಿಬಿಟ್ಟ ನೋಡೀರಲ್ಲ, ಎಷ್ಟ ಆಳ ಬಿರಕ ಬಿಟ್ಟಿತ್ತು?"

ಅವರು ತಲೆಯಾಡಿಸಿದರು. ಎರಿ ಮಣ್ಣಿನ ಜಿಗುಟು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬಿರುಕು ಮೂರಡಿಯವರೆಗೂ ಇಳಿಯುತ್ತದೆ. ಮೇಲಿನ ಪುಡಿ ಮಣ್ಣು, ಎಲೆಯ ಚೂರು, ಗೊಬ್ಬರದ ಕಣ ಆ ಬಿರುಕಿಗೆ ಉದುರುತ್ತವೆ, ಮೊದಲ ಮಳೆಗೆ ಬಾಯಿ ಮುಚ್ಚಿಕೊಳ್ಳುತ್ತದೆ. ಉಳದೆ ಸೋಯಾ ಬೆಳೆಯುವ ಬ್ರೆಜಿಲಿನ ಕೆಂಪು ಮಣ್ಣಿಗೆ, ಓಹಾಯೋದ ಮಣ್ಣಿಗೆ ಇಷ್ಟರ ಮಟ್ಟಿಗೆ ಈ ಗುಣವಿಲ್ಲ. ಉಳದೆ ಬಿಡುವುದಕ್ಕೆ ನಮ್ಮ ನೆಲ ಅಷ್ಟು ಮಟ್ಟಿಗೆ ಒಲಿದ ನೆಲ. ಆದರೆ ಹಸಿಯಿದ್ದಾಗ ಅದರ ಮೇಲೆ ಟ್ರ್ಯಾಕ್ಟರ್ ಹತ್ತಿದರೆ ಬಿಗಿದುಕೊಳ್ಳುತ್ತದೆ. ಅದಕ್ಕೇ ಹೊಲದೊಳಗೆ ಗಾಲಿಯ ದಾರಿ ಗುರುತು ಮಾಡಿದ್ದೇವೆ, ಪ್ರತಿ ಸಲ ಅದೇ ಜಾಡು. ಇನ್ನು ಬಂಡಿಯ ಕೆಲಸ, ಗೊಬ್ಬರ ಸಾಗಿಸುವುದು ಎತ್ತಿನವೇ. ಅವು ಕೊಟ್ಟಿಗೆಯಲ್ಲಿ ಇರುವುದೇ ಹೊಲಕ್ಕೆ ಲಾಭ.

5 ಜುಲೈ, ಶುಕ್ರವಾರ. ಮಣ್ಣೆತ್ತಿನ ಅಮಾವಾಸ್ಯೆ

ಮಗಳು ಕೆರೆಯ ಎರಿ ಮಣ್ಣು ತಂದು ಎತ್ತು ಮಾಡಿದಳು. ಸಂಜೆಗೆ ಪರೀಕ್ಷೆಯ ಚೀಟಿಗಳೂ ಬಂದವು.

ಅಂದುಕೊಂಡಂತೆಯೇ ಇದೆ. ಎರಡೂ ಹೊಲದಲ್ಲಿ ರಂಜಕ ಮೇಲಿನ ಎರಡು ಅಂಗುಲದಲ್ಲಿ 'ಹೆಚ್ಚು', ಕೆಳಗೆ 'ಕಡಿಮೆ'. ಸತುವು ಎರಡರಲ್ಲೂ ಕೊರತೆ. ಪೊಟ್ಯಾಷ್ ವಿಷಯದಲ್ಲಿ ಹೊಲಗಳು ಬೇರೆಯಾಗಿವೆ: ಹುಣಸಿಗಿಡದ ಹೊಲದ ಮೇಲ್ಪದರದಲ್ಲಿ ಸಮೃದ್ಧ, ಬಾವಿ ಹೊಲದಲ್ಲಿ ಅದಕ್ಕಿಂತ ಕಡಿಮೆ. ಸಾವಯವ ಇಂಗಾಲದಲ್ಲೂ ಹುಣಸಿಗಿಡದ ಹೊಲವೇ ಮುಂದೆ. ಬಾವಿ ಹೊಲ ಊರಿನ ಉಳುವ ಹೊಲಗಳಿಗಿಂತ ಹೆಚ್ಚೇನೂ ಬೇರೆಯಿಲ್ಲ. ಹತ್ತು ವರ್ಷ ನೇಗಿಲು ಬಿಟ್ಟರೂ ಅಲ್ಲಿ ಇಂಗಾಲ ಕೂಡಿಲ್ಲ. ಕೂಡಲು ಅಲ್ಲಿ ನಾವು ಏನನ್ನೂ ಬಿಟ್ಟಿಲ್ಲವಲ್ಲ.

27 ಜುಲೈ, ಶನಿವಾರ

ಪುಷ್ಯ ಮಳೆ ಬಿಡುವು ಕೊಟ್ಟಿದೆ. ನಾಲ್ಕು ಗಿಡ ಸಲಿಕೆಯಿಂದ ಎತ್ತಿ ಬೇರು ತೊಳೆದೆ. ಗಂಟುಗಳು ತಾಯಿಬೇರಿನ ಸುತ್ತ ಗೊಂಚಲು ಕಟ್ಟಿವೆ. ಉಗುರಿನಿಂದ ಸೀಳಿದರೆ ಒಳಗೆ ತಿಳಿಗೆಂಪು. ನಮ್ಮ ರಕ್ತದಲ್ಲಿರುವಂಥದೇ ಕಬ್ಬಿಣದ ಅಂಶವುಳ್ಳ ವಸ್ತು ಅಲ್ಲಿದ್ದು, ಅಣುಜೀವಿಗೆ ಬೇಕಾದಷ್ಟೇ ಆಮ್ಲಜನಕ ಮುಟ್ಟಿಸುತ್ತದೆ. ಕೆಂಪಿದ್ದರೆ ಗಾಳಿಯ ಸಾರಜನಕ ಹಿಡಿಯುವ ಕೆಲಸ ನಡೆದಿದೆ ಎಂದರ್ಥ, ಹಸಿರೋ ಬೂದುಬಣ್ಣವೋ ಇದ್ದರೆ ನಿಂತಿದೆ. ಬಾವಿ ಹೊಲದ ಗಿಡಗಳಲ್ಲೂ ಗಂಟಿವೆ, ಆದರೆ ನೀರು ನಿಂತ ಜಾಗದಲ್ಲಿ ಒಳಗೆ ಬೂದು. ಅಲ್ಲಿ ನೀರು ಇಂಗುವುದು ನಿಧಾನ.

ಕಳೆಯ ವಿಷಯ ಬರೆಯಲೇಬೇಕು. ಉಳದ ಹೊಲದ ದೊಡ್ಡ ಖರ್ಚು ಇದೇ. ಬಾವಿ ಹೊಲದಲ್ಲಿ ಕಾಂಗ್ರೆಸ್ ಕಸ, ಜೇಕು ಎರಡೂ ಎದ್ದಿವೆ. ಮೂರು ದಿನದಿಂದ ಹೆಣ್ಣಾಳುಗಳು ಕೂತು ತೆಗೆಯುತ್ತಿದ್ದಾರೆ. ಹುಣಸಿಗಿಡದ ಹೊಲ ಒಂದೇ ದಿನಕ್ಕೆ ಮುಗಿಯಿತು. ಹೊದಿಕೆಯ ಕೆಳಗೆ ಬೆಳಕು ಕಾಣದೆ ಅರ್ಧ ಕಸ ಹುಟ್ಟಿಯೇ ಇಲ್ಲ. "ಅಕ್ಕಾರ, ಈ ಹೊಲಾನೂ ಹಂಗ ಮಾಡ್ರಿ, ನಮ್ಮ ನಡಾನರ ಉಳೀತಾವು" ಅಂದರು ಅವರಲ್ಲಿ ಹಿರಿಯರು.

ಊರಿನಲ್ಲಿ ಹೆಚ್ಚಿನವರು ಬಿತ್ತಿದ ಮೂರು ವಾರಕ್ಕೆ ಇಮಾಜೆಥಾಪಿರ್ ಹೊಡೆಯುತ್ತಾರೆ. ಜೋಳ ಬರುವ ಹೊಲಕ್ಕೆ ನಾನು ಅದನ್ನು ಬಳಸುವುದಿಲ್ಲ, ಅದರ ಶೇಷಕ್ಕೆ ಜೋಳ ತಾಳುವ ಬೆಳೆಯಲ್ಲ. ಔಷಧವೊಂದನ್ನೇ ನೆಚ್ಚಿದರೆ ಏನಾಗುತ್ತದೆ ಎಂದು ಅಮೆರಿಕದವರು ಕಂಡಿದ್ದಾರೆ. 1996ರಲ್ಲಿ ಗ್ಲೈಫೋಸೇಟ್ ತಾಳುವ ಕುಲಾಂತರಿ ಸೋಯಾ ಅಲ್ಲಿ ಬಂತು, ಉಳದ ಬೇಸಾಯ ಸುಲಭವಾಯಿತು. ಮುಂದೆ ನಮ್ಮ ಹರಿವೆಯ ಕುಲದ ಕಳೆಗಳೇ ಆ ಔಷಧಕ್ಕೆ ಬಗ್ಗದಂತಾಗಿ ಆಳೆತ್ತರ ಬೆಳೆದು ನಿಂತವು. ನಮ್ಮಲ್ಲಿ ಕುಲಾಂತರಿ ಸೋಯಾ ಬೆಳೆಯಲು ಅನುಮತಿಯಿಲ್ಲ. ನಮಗಿರುವ ಕಳೆನಾಶಕ ಎಂದರೆ ರವದಿಯ ಹೊದಿಕೆ, ಕೈ ಮತ್ತು ಬೆಳೆ ಬದಲಾವಣೆ.

20 ಆಗಸ್ಟ್, ಮಂಗಳವಾರ

ಎಲೆ ತಿನ್ನುವ ಹುಳು ಬಂದಿದೆ. ಎಲೆಗಳು ಜಾಲರಿಯಾಗಿವೆ. ಪಕ್ಕದ ಹೊಲದ ಕಾಕಾ ಎರಡನೆಯ ಸಲ ಔಷಧ ಹೊಡೆಸಿದರು. ನಾನು ಹೋದ ವಾರವೇ ನೊಮುರಿಯಾ ಶಿಲೀಂಧ್ರದ ಪುಡಿ ನೀರಿನಲ್ಲಿ ಕಲೆಸಿ ಸಿಂಪಡಿಸಿದ್ದೆ. ಧಾರವಾಡದ ವಿಶ್ವವಿದ್ಯಾಲಯದವರು ಸೋಯಾ ಬೆಳೆಗಾರರಿಗೆ ಬಹಳ ವರ್ಷಗಳಿಂದ ಹೇಳಿಕೊಡುತ್ತ ಬಂದದ್ದು ಇದು. ಈ ತಿಂಗಳ ಜಿಟಿಜಿಟಿ ಮಳೆ, ಮೋಡ, ತಂಪು ಅದಕ್ಕೆ ಹೇಳಿ ಮಾಡಿಸಿದ ಹವೆ. ಇವತ್ತು ಎಲೆಗಳ ಮೇಲೆ ಹುಳುಗಳು ಬೆಳ್ಳಗೆ ಸೆಟೆದು ಅಂಟಿಕೊಂಡಿವೆ, ಕೆಲವು ತಿಳಿಹಸಿರು ಬೂಸು ಕಟ್ಟಿವೆ. ಆ ಬೂಸೇ ಬೀಜಕ, ಅದು ಮಣ್ಣಿಗೂ ಉದುರುತ್ತದೆ.

ತುಕ್ಕು ನಮ್ಮ ಹೊಲದಲ್ಲಿ ಕಾಣಿಸಿಲ್ಲ. ಹಳೆಯ ತಳಿ ಜೆಎಸ್ 335 ಹಾಕಿದವರ ಹೊಲದಲ್ಲಿ ಕೆಳಗಿನ ಎಲೆಗಳ ಹಿಂಭಾಗ ಕಂದು ಪುಡಿ ಶುರುವಾಗಿದೆ. ಅವರಿಗೆ ಹೆಕ್ಸಾಕೊನಾಜೋಲ್ ಲೀಟರಿಗೆ ಒಂದು ಎಂಎಲ್ ಹಾಕಿ ತಡಮಾಡದೆ ಹೊಡೆಯಿರಿ ಎಂದು ಹೇಳಿ ಬಂದೆ. ಉಳದ ಹೊಲದಲ್ಲಿ ಉದುರಿದ ಸೋಯಾ ತಾನೇ ಹುಟ್ಟಿ ನಿಂತರೆ ತುಕ್ಕಿಗೆ ಮನೆಯಾಗುತ್ತದೆ. ಹಿಂಗಾರಿಯಲ್ಲಿ ಅಂಥ ಗಿಡ ಕಂಡಲ್ಲಿ ಕಿತ್ತು ಹಾಕುವುದು ನಮ್ಮ ಮನೆಯ ನೇಮ.

28 ಸೆಪ್ಟೆಂಬರ್, ಶನಿವಾರ

ರಾಶಿ ಮುಗಿಯಿತು. ಹುಣಸಿಗಿಡದ ಹೊಲ ಎಕರೆಗೆ ಎಂಟು ಕ್ವಿಂಟಲ್ ದಾಟಿತು, ಬಾವಿ ಹೊಲ ಆರರ ಆಸುಪಾಸು ನಿಂತಿತು. ಪೇಟೆಯ ದರ ಬೆಂಬಲ ಬೆಲೆ 4,892ಕ್ಕಿಂತ ಕೆಳಗಿದೆ, ಖರೀದಿ ಕೇಂದ್ರಕ್ಕೆ ಹೆಸರು ಬರೆಸಬೇಕು.

ರಾತ್ರಿ ಕೂತು ಇನ್ನೊಂದು ಲೆಕ್ಕ ಮಾಡಿದೆ. ಚೀಲದಲ್ಲಿ ಹೊರಗೆ ಹೋದದ್ದೇನು?

ಸೋಯಾ ಕಾಳಿನಲ್ಲಿ ಶೇಕಡಾ 40ರಷ್ಟು ಪ್ರೋಟೀನು. ಪ್ರೋಟೀನು ಎಂದರೆ ಸಾರಜನಕ. ಒಂದು ಟನ್ ಕಾಳಿನ ಜೊತೆ 60 ಕಿಲೋದಷ್ಟು ಸಾರಜನಕ, ಗೊಬ್ಬರದ ಲೆಕ್ಕದಲ್ಲಿ 12 ಕಿಲೋ ರಂಜಕ, 20 ಕಿಲೋದಷ್ಟು ಪೊಟ್ಯಾಷ್ ಹೊಲ ಬಿಡುತ್ತವೆ. ಎಂಟು ಕ್ವಿಂಟಲ್ ಬಂದ ಎಕರೆಗೆ ಸುಮಾರು 48, 10, 16 ಕಿಲೋ.

ಸೋಯಾ ಬೇಳೆಕಾಳಿನ ಜಾತಿಯದು, ಭೂಮಿಗೆ ಸಾರಜನಕ ಕೊಡುತ್ತದೆ ಎಂದು ಎಲ್ಲರ ಬಾಯಲ್ಲೂ ಇದೆ. ಗಿಡ ತನಗೆ ಬೇಕಾದ ಸಾರಜನಕದಲ್ಲಿ ಶೇಕಡಾ ಸುಮಾರು ಐವತ್ತರಿಂದ ಅರವತ್ತು ಪಾಲನ್ನು ಗಾಳಿಯಿಂದ ಪಡೆಯುತ್ತದೆ ನಿಜ. ಆದರೆ ಗಿಡದ ಒಟ್ಟು ಸಾರಜನಕದ ಬಹುಭಾಗ ಕಾಳಿಗೆ ಏರಿ ಚೀಲ ಸೇರುತ್ತದೆ. ಗಾಳಿಯಿಂದ ಬಂದದ್ದಕ್ಕಿಂತ ಕಾಳಿನಲ್ಲಿ ಹೋದದ್ದೇ ಹೆಚ್ಚಾಗುವುದುಂಟು. ಸೋಯಾ ಕೊಟ್ಟು ಹೋಗುವ ಬೆಳೆಯಲ್ಲ, ತನ್ನ ಹೊಟ್ಟೆ ತಾನು ನೋಡಿಕೊಂಡು ಹೋಗುವ ಬೆಳೆ.

ಇನ್ನು ನಾವು ಹಾಕಿದ್ದು. ಶಿಫಾರಸು ಹೆಕ್ಟೇರಿಗೆ ಸಾರಜನಕ, ರಂಜಕ, ಪೊಟ್ಯಾಷ್ 40:80:25 ಕಿಲೋ. ಎಕರೆಗೆ ರಂಜಕ 32 ಕಿಲೋ, ಪೊಟ್ಯಾಷ್ 10 ಕಿಲೋ. ಅಂದರೆ ರಂಜಕವನ್ನು ಒಯ್ದದ್ದರ ಮೂರು ಪಟ್ಟು ಹಾಕುತ್ತೇವೆ, ಪೊಟ್ಯಾಷನ್ನು ಒಯ್ದದ್ದಕ್ಕಿಂತ ಕಡಿಮೆ ಹಾಕುತ್ತೇವೆ. ಎರಿ ಮಣ್ಣಿನಲ್ಲಿ ಪೊಟ್ಯಾಷ್ ಹುಟ್ಟಿನಿಂದಲೇ ಇದೆ ಎಂಬ ಧೈರ್ಯ. ರಂಜಕವನ್ನು ನಮ್ಮ ಮಣ್ಣು ಹಿಡಿದಿಟ್ಟುಕೊಳ್ಳುತ್ತದೆ ಎಂಬ ಕಾರಣಕ್ಕೆ ಮೊದಮೊದಲು ಈ ಪ್ರಮಾಣ ಬೇಕಾಗಿತ್ತು. ಹತ್ತು ವರ್ಷ ಹಾಕಿ, ಪದರ ಪದರವಾಗಿ ನೋಡಿದ ಮೇಲೆ ಹಾಗೆಯೇ ಮುಂದುವರಿಸಲು ಕಾರಣವಿಲ್ಲ. ಬರುವ ವರ್ಷ ಡಿಎಪಿ ಅರ್ಧ, ಅದೂ ಬೀಜದ ಕೆಳಗೇ. ಗಂಧಕಕ್ಕೆ ಜಿಪ್ಸಂ, ಜೊತೆಗೆ ಸತುವಿನ ಸಲ್ಫೇಟ್. ಪೊಟ್ಯಾಷಿಗೆ ಚೀಲ ಹುಡುಕುವ ಮೊದಲು ಜೋಳದ ಕಣಿಕೆ ಎಲ್ಲಿ ಹೋಗುತ್ತಿದೆ ಎಂದು ನೋಡಬೇಕು. ಬೆಳೆ ಎತ್ತಿದ ಪೊಟ್ಯಾಷಿನಲ್ಲಿ ಹೆಚ್ಚಿನ ಪಾಲು ಇರುವುದು ತೆನೆಯಲ್ಲಲ್ಲ, ದಂಟಿನಲ್ಲಿ.

17 ಅಕ್ಟೋಬರ್, ಗುರುವಾರ. ಶೀಗೆ ಹುಣ್ಣಿಮೆ

ಹುಣಸಿಗಿಡದ ಹೊಲದಲ್ಲಿ ಮಾಲದಂಡಿ ಜೋಳ ಎರಡೆಲೆ ಮೂರೆಲೆ ಬಿಟ್ಟಿದೆ. ಸೋಯಾ ಕೊಯ್ದ ವಾರದೊಳಗೆ ಅದೇ ಕೂರಿಗೆಯಿಂದ ಬಿತ್ತಿದ್ದೆವು. ಉಳುವವರು ಹರಗಿ ಹದ ಮಾಡಿಕೊಳ್ಳುವಷ್ಟರಲ್ಲಿ ನೆಲದ ಹಸಿ ಆರುತ್ತದೆ, ನಮಗೆ ಆ ಹಸಿ ಉಳಿಯಿತು.

ಮಧ್ಯಾಹ್ನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಪೂಜೆ ಮಾಡಿ ಚರಗ ಚೆಲ್ಲಿ ಬಂದೆವು. ಊಟದ ನಡುವೆ ಮಾತು ಬಾವಿ ಹೊಲಕ್ಕೆ ಬಂತು. ನಿನ್ನೆಯಷ್ಟೇ ಕೇಂದ್ರ ಸರ್ಕಾರ ಕಡಲೆಗೆ 5,650 ರೂಪಾಯಿ ಬೆಂಬಲ ಬೆಲೆ ಸಾರಿದೆ. ಮಾಲದಂಡಿ ಜೋಳಕ್ಕೆ 3,421. ಮಾವ ಹೇಳಿದರು: "ರೊಕ್ಕದ ಲೆಕ್ಕ ನೋಡವ್ವಾ. ಕಡ್ಲಿ ಬಿಟ್ಟು ಜ್ವಾಳಾ ಹಾಕಂದ್ರ ಮನಿ ನಡೀಬೇಕಲ್ಲ?"

ಅವರ ಮಾತು ಖರೆ. ನಾನು ನಮ್ಮ ಎರಡು ಹೊಲಗಳ ಸೋಯಾ ಇಳುವರಿ ಮುಂದಿಟ್ಟೆ. ಎಕರೆಗೆ ಎರಡು ಕ್ವಿಂಟಲ್ ಸೋಯಾ ಕಡಿಮೆ, ಕಳೆಗೆ ಎರಡು ದಿನದ ಹೆಚ್ಚಿನ ಕೂಲಿ. ಕಡಲೆ ಕೊಟ್ಟ ರೊಕ್ಕದಲ್ಲಿ ಒಂದಿಷ್ಟನ್ನು ಮುಂದಿನ ಮುಂಗಾರು ವಾಪಸ್ ಇಸಿದುಕೊಳ್ಳುತ್ತದೆ. ಮಾವ ಬಹಳ ಹೊತ್ತು ಸುಮ್ಮನಿದ್ದು, "ಅರ್ಧಾ ಜ್ವಾಳಾ ಹಾಕ್ರಿ, ಅರ್ಧಾ ಕಡ್ಲಿ. ಕಣ್ಣಿಗೆ ಕಾಣಲಿ" ಅಂದರು. ಹೊತ್ತು ಸ್ವಲ್ಪ ಮೀರಿದೆ, ಆದರೂ ನಾಡಿದ್ದೇ ಬಿತ್ತುತ್ತೇವೆ.

28 ನವೆಂಬರ್, ಗುರುವಾರ

ಯೊಹಾನಾ ಡೋಬರೈನರ್ ಹುಟ್ಟಿ ಇಂದಿಗೆ ನೂರು ವರ್ಷ. ಚೆಕೊಸ್ಲೊವಾಕಿಯಾದಲ್ಲಿ ಹುಟ್ಟಿ, ಯುದ್ಧ ಮುಗಿದ ಮೇಲೆ ಬ್ರೆಜಿಲಿಗೆ ಬಂದು ನೆಲೆಸಿದ ಈ ಮಣ್ಣಿನ ವಿಜ್ಞಾನಿ, ಸೋಯಾಕ್ಕೆ ಸಾರಜನಕ ಗೊಬ್ಬರ ಬೇಡ, ಅಣುಜೀವಿಯೇ ಸಾಕು ಎಂದು ಪಟ್ಟು ಹಿಡಿದರು. ಇವತ್ತು ಬ್ರೆಜಿಲಿನಲ್ಲಿ ಲೆಕ್ಕವಿಲ್ಲದಷ್ಟು ಸೋಯಾ ಹೆಚ್ಚುಕಡಿಮೆ ಯೂರಿಯಾ ಇಲ್ಲದೆ ಬೆಳೆಯುತ್ತದೆ.

ಅದೇ ದೇಶದ ಪರಾನಾ ರಾಜ್ಯದ ರೊಲಾಂಡಿಯಾದಲ್ಲಿ ಹರ್ಬರ್ಟ್ ಬಾರ್ಟ್ಜ್ ಎಂಬ ರೈತ, ಮಳೆಗೆ ತನ್ನ ಮಣ್ಣು ಕೊಚ್ಚಿ ಹೋಗುವುದನ್ನು ತಾಳಲಾರದೆ, 1972ರಲ್ಲಿ ಅಮೆರಿಕಕ್ಕೆ ಹೋಗಿ ಕೆಂಟಕಿಯ ಹ್ಯಾರಿ ಯಂಗ್ ಎಂಬ ರೈತನ ಉಳದ ಹೊಲ ನೋಡಿ ಬಂದು, ಕೂರಿಗೆ ತರಿಸಿ, ಉಳದೆ ಸೋಯಾ ಬಿತ್ತಿದ. ಈಗ ಅಲ್ಲಿ 3 ಕೋಟಿ ಹೆಕ್ಟೇರಿಗೂ ಹೆಚ್ಚು ನೆಲ ನೇಗಿಲಿಲ್ಲದೆ ನಡೆಯುತ್ತದೆ.

ಅವರು ಕಲಿತ ಪಾಠವೇ ನಮ್ಮ ಬಾವಿ ಹೊಲದ್ದೂ. ಸೋಯಾದ ಎಲೆ, ಕಡ್ಡಿ ಬಿಸಿಯ ಸೀಮೆಯಲ್ಲಿ ನೆಲದ ಮೇಲೆ ನಿಲ್ಲುವುದಿಲ್ಲ. ಅದರಲ್ಲಿ ಇಂಗಾಲಕ್ಕೆ ಹೋಲಿಸಿದರೆ ಸಾರಜನಕ ಹೆಚ್ಚು, ಅಣುಜೀವಿಗಳು ಬೇಗ ತಿಂದು ಮುಗಿಸುತ್ತವೆ. ಸೋಯಾ ಮೇಲೆ ಸೋಯಾ ಹಾಕಿದ ಕಡೆ ನೆಲ ಬಯಲಾಗಿ, ಬಿಗಿದು, ಉಳದೆ ಇರುವುದರ ಲಾಭವೇ ಕಾಣದಾಯಿತು. ಹೆಕ್ಟೇರಿಗೆ ವರ್ಷಕ್ಕೆ ಆರು ಟನ್ ಒಣ ರವದಿಯಾದರೂ ನೆಲ ಸೇರಬೇಕು ಎಂಬುದು ಅಲ್ಲಿ ರೂಢಿಗೆ ಬಂದ ಮಾತು. ಅದಕ್ಕಾಗಿ ದಕ್ಷಿಣದ ತಂಪು ಸೀಮೆಯಲ್ಲಿ ಚಳಿಗಾಲಕ್ಕೆ ಕಪ್ಪು ಓಟ್ಸ್ ಹಾಕುತ್ತಾರೆ. ನಡುನಾಡಿನ ಸೆರಾಡೋ ಬಯಲಿನಲ್ಲಿ ಹಾಕುವುದು ಯಾವುದನ್ನು? ನಮ್ಮ ಸಜ್ಜೆಯನ್ನು! ಕಾಳಿಗಲ್ಲ, ನೆಲಕ್ಕೆ ಹೊದಿಸಲು. ಆಳಕ್ಕೆ ಬೇರು ಬಿಟ್ಟು ಕೆಳಗಿನ ಪೊಟ್ಯಾಷ್ ಎತ್ತಿ ತಂದು ಮೇಲೆ ಹಾಸುವ ಬೆಳೆ ಅದು. ನಾವು ಹಾಲುಗಲ್ಲದ ಮಕ್ಕಳಿಗೂ ಸಜ್ಜೆ ರೊಟ್ಟಿ ತಿನ್ನಿಸಿ ಬೆಳೆಸಿದ ನಾಡಿನವರು, ಅದನ್ನು ಸೋಯಾದ ಭರಾಟೆಯಲ್ಲಿ ಹೊಲದಿಂದ ಹೊರಗೆ ಹಾಕಿದೆವು.

22 ಫೆಬ್ರವರಿ 2025, ಶನಿವಾರ

ಜೋಳ ಕೊಯ್ದಾಯಿತು. ಪ್ರತಿ ವರ್ಷದ ಮಾತುಕತೆ ಇವತ್ತೂ ನಡೆಯಿತು. ಮಾವ ಹೇಳುವುದು ದನದ ಪರವಾಗಿ, ನಾನು ಹೇಳುವುದು ನೆಲದ ಪರವಾಗಿ. ಇಬ್ಬರೂ ಒಪ್ಪಿದ್ದು: ಮೊಳಕಾಲಿನ ಮಟ್ಟಕ್ಕೆ ಕೊಯ್ಯುವುದು, ಕೆಳಗಿನದು ಹೊಲದ್ದು, ಮೇಲಿನದು ಕೊಟ್ಟಿಗೆಯದು. ಕೊಟ್ಟಿಗೆಗೆ ಹೋದ ಕಣಿಕೆ ಸಗಣಿಯಾಗಿ ತಿಪ್ಪೆಯ ಮೂಲಕ ಬಾವಿ ಹೊಲಕ್ಕೇ ಹೋಗಬೇಕು, ಬೇರೆ ಕಡೆಗಲ್ಲ. ದನಕರು ಇಲ್ಲದ ಬ್ರೆಜಿಲಿನ ಸೋಯಾ ರೈತನಿಗೆ ಈ ಹಂಚಿಕೆಯ ಕಷ್ಟವಿಲ್ಲ. ನಮ್ಮಲ್ಲಿ ಉಳದ ಬೇಸಾಯ ನಿಲ್ಲುವುದೋ ಬೀಳುವುದೋ ಈ ಒಂದು ಮೊಳ ಕೂಳೆಯ ಮೇಲೆ. ಕೊಯ್ದ ಹೊಲಕ್ಕೆ ಊರ ದನ ಬಿಡುವ ರೂಢಿಯೂ ಇದೆ. ಹುಣಸಿಗಿಡದ ಹೊಲಕ್ಕೆ ಮುಳ್ಳಿನ ಬೇಲಿ ಎಳೆಸಿ, ಕುರಿ ತರುವವರಿಗೆ ಬಾವಿ ಹೊಲದ ಕಡಲೆ ಭಾಗದಲ್ಲಿ ಕುರಿ ತರುಬಲು ಹೇಳಿದ್ದೇವೆ. ಕುರಿಗೊಬ್ಬರ ಅಲ್ಲಿಗೇ ಬೇಕಾಗಿದೆ.

14 ಮೇ, ಬುಧವಾರ

ನಿನ್ನೆ ಈ ವರ್ಷದ ವಿಶ್ವ ಆಹಾರ ಪ್ರಶಸ್ತಿ ಸಾರಿದ್ದಾರೆ. ಬ್ರೆಜಿಲಿನ ಮರಿಯಾಂಜೆಲಾ ಹುಂಗ್ರಿಯಾ ಅವರಿಗೆ. ಡೋಬರೈನರ್ ಅವರ ದಾರಿಯಲ್ಲೇ ನಡೆದು, ಪರಾನಾದ ಲೊಂಡ್ರಿನಾದಲ್ಲಿರುವ ಸೋಯಾ ಸಂಶೋಧನಾ ಕೇಂದ್ರದಲ್ಲಿ ಬಾಳಿನ ಬಹುಪಾಲು ಕಳೆದವರು. ಹೊಲದಲ್ಲಿ ಅಣುಜೀವಿ ಈಗಾಗಲೇ ಇದ್ದರೂ ಪ್ರತಿ ವರ್ಷ ಬೀಜಕ್ಕೆ ಹೊಸದಾಗಿ ಲೇಪಿಸಿದರೆ ಇಳುವರಿ ಏರುತ್ತದೆ ಎಂದು ತೋರಿಸಿಕೊಟ್ಟವರು ಅವರು. ಬೇರನ್ನು ಹುರುಪುಗೊಳಿಸುವ ಅಜೋಸ್ಪಿರಿಲಂ ಅನ್ನೂ ಜೊತೆಗೆ ಸೇರಿಸುವುದನ್ನು ರೈತರಿಗೆ ಕಲಿಸಿದರು. ಹತ್ತು ವರ್ಷ ಸೋಯಾ ಬೆಳೆದ ಹೊಲಕ್ಕೆ ಮತ್ತೆ ರೈಜೋಬಿಯಂ ಯಾಕೆ ಎಂದು ಅಂಗಡಿಯವರು ಕೇಳುತ್ತಿದ್ದರು. ಈ ಸಲ ಎರಡೂ ಪೊಟ್ಟಣ ತರುತ್ತೇನೆ.

27 ಮೇ, ಮಂಗಳವಾರ

ಮೇ ತಿಂಗಳಲ್ಲೇ ಮಳೆಗಾಲ. ಮುಂಗಾರು 24ಕ್ಕೇ ಕೇರಳ ಮುಟ್ಟಿದೆ. ಕೊಡೆ ಹಿಡಿದು ಮಾವನೂ ನಾನೂ ಬಾವಿ ಹೊಲಕ್ಕೆ ಹೋದೆವು. ಜೋಳ ಹಾಕಿದ ಅರ್ಧದಲ್ಲಿ ನೀರು ಕೂಳೆಯ ನಡುವೆ ತಡೆದು ಇಂಗುತ್ತಿತ್ತು. ಕಡಲೆ ಹಾಕಿದ ಅರ್ಧದಿಂದ ಕಂದು ನೀರು ಬದುವಿನ ಕಡೆ ಓಡುತ್ತಿತ್ತು. ಒಂದೇ ಬೆಳೆಯಲ್ಲಿ ಮಣ್ಣಿನ ಇಂಗಾಲ ಏರುವುದಿಲ್ಲ, ಅದಕ್ಕೆ ವರ್ಷಗಳು ಬೇಕು. ಆದರೆ ನೀರನ್ನು ತಡೆಯಲು ಒಂದು ಬೆಳೆಯ ಕೂಳೆ ಸಾಕಾಯಿತು. ಮಾವ ಎರಡೂ ಕಡೆ ನಿಂತು ನೋಡಿ, "ಇಲ್ಲಿ ಈ ಸಲ ಸೋಯಾ ಬ್ಯಾಡ ಬಿಡವ್ವಾ" ಅಂದರು. ನಾನು ಕೇಳಬೇಕೆಂದಿದ್ದ ಮಾತನ್ನು ಅವರೇ ಆಡಿದರು.

ತೀರ್ಮಾನ ಹೀಗೆ. ಬಾವಿ ಹೊಲಕ್ಕೆ ಈ ಮುಂಗಾರು ಸಜ್ಜೆ, ನಡುನಡುವೆ ತೊಗರಿ ಸಾಲು. ಸಜ್ಜೆಯ ತೆನೆಯಷ್ಟೇ ಕೊಯ್ದು ದಂಟು ಅರ್ಧ ಅಲ್ಲೇ ಬಿಡುವುದು. ತೊಗರಿ ಚಳಿಗಾಲದವರೆಗೂ ಎಲೆ ಉದುರಿಸುತ್ತ ನಿಂತಿರುತ್ತದೆ, ಅದರ ಬೇರು ಬಿಗಿದ ನೆಲವನ್ನು ಸೀಳಿ ಇಳಿಯುತ್ತದೆ. ಸೋಯಾ 2026ಕ್ಕೆ ಅಲ್ಲಿಗೆ ಮರಳಲಿ. ಅಲ್ಲಿಂದ ಮುಂದೆ ಆ ಹೊಲಕ್ಕೂ ಸೋಯಾದ ಬೆನ್ನಿಗೆ ಜೋಳವೇ. ಕಡಲೆ ಬೇಕೆನಿಸಿದರೆ ಜೋಳದ ನಡುವೆ ಅಕ್ಕಡಿ ಸಾಲಾಗಿ ಬರಲಿ. ಹುಣಸಿಗಿಡದ ಹೊಲದಲ್ಲಿ ಸೋಯಾ, ಡಿಎಪಿ ಅರ್ಧ, ಸತುವು, ಜಿಪ್ಸಂ. ಮಣ್ಣಿನ ಮಾದರಿ ಮತ್ತೆ ಎರಡು ಪದರದಲ್ಲಿ.

ನೇಗಿಲು ಕೆಳಗಿಡುವುದು ಮೊದಲ ಹೆಜ್ಜೆ ಮಾತ್ರ. ನೇಗಿಲು ಮಾಡುತ್ತಿದ್ದ ಕೆಲಸಗಳನ್ನೆಲ್ಲ ಆಮೇಲೆ ಬೆಳೆಗಳೇ ಮಾಡಬೇಕು: ಕಳೆ ತಡೆಯುವುದು, ನೆಲ ಬಿಡಿಸುವುದು, ಸಾರವನ್ನು ಮೇಲೆ ಕೆಳಗೆ ಒಯ್ಯುವುದು. ಸೋಯಾ ಒಂದರಿಂದ ಅದು ಆಗುವುದಿಲ್ಲ. ಸೋಯಾ ಬೆಳೆದು ಬದುಕುವ ನಾವು, ಸೋಯಾದ ಹೊಲ ಉಳಿಯಬೇಕಾದರೆ ಜೋಳ, ಸಜ್ಜೆ, ತೊಗರಿಗಳಿಗೆ ಅದರಲ್ಲಿ ಪಾಲು ಕೊಡಬೇಕು. ನಾಳೆ ಸಜ್ಜೆ ಬೀಜಕ್ಕೆ ಧಾರವಾಡಕ್ಕೆ ಹೋಗುವುದು. ಪಕ್ಕದ ಹೊಲದ ಕಾಕಾನೂ ಬರುತ್ತೇನೆಂದಿದ್ದಾರೆ, ಅವರಿಗೂ ಒಂದು ಎಕರೆಗೆ ಆಗುವಷ್ಟು ತರಬೇಕು.